ಓದುಗರ ಪ್ರಶ್ನೆ, ನಮ್ಮ ಉತ್ತರ: ಕಿರಿಯರ ಮಾತಿಗೆ ಉತ್ತರ ಕೊಡಬೇಕಾದವರು ಯಾರು?

ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಮಕ್ಕಳು ಮತ್ತು ಯುವಜನರು ಮಾಡುವ ಹಕ್ಕೊತ್ತಾಯ, ಅದರಿಂದ ಕಾನೂನು ಹಾಗೂ ನೀತಿಗಳಲ್ಲಿ ಆಗುವ ಬದಲಾವಣೆ, ಇವುಗಳ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮೂರು ಕುಂದಾಪುರದಲ್ಲಿ 1996ರಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳ ಸಭೆ ನಡೆದಿತ್ತೆಂದು ನಮ್ಮ ಅತ್ತೆ ಹೇಳುತ್ತಾರೆ. ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಶಾಲೆಯಲ್ಲಿ ಕೇಳಿದರೆ ಅದರ ವಿಷಯ ಯಾರಿಗೂ ಗೊತ್ತಿಲ್ಲ. ಅಲ್ಲಿ ಏನು ನಡೆಯಿತು? ಅದರಿಂದ ಏನಾದರೂ ಆಯಿತೇ? (ಗೃಹಿಣಿ, ಕುಂದಾಪುರ)

ಉತ್ತರ: ನಿಮ್ಮ ಅತ್ತೆಯವರ ನೆನಪು ಸರಿಯಾಗಿದೆ. 1996ರ ನವೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ 30ಕ್ಕೂ ಹೆಚ್ಚು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿದ್ದರು. ದುಡಿಯುವ ಮಕ್ಕಳ ಮೊತ್ತಮೊದಲ ಅಂತರರಾಷ್ಟ್ರೀಯ ಸಭೆ ಅದು. ಕುಂದಾಪುರವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದೊಂದಿಗೆ ದುಡಿಯುವ ಮಕ್ಕಳು 1990ರಲ್ಲಿ ‘ಭೀಮ ಸಂಘ’ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದರು. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳು ಓಟು ಹಾಕಿ ಮಕ್ಕಳ ಪಂಚಾಯತಿಗಳನ್ನು ಆರಿಸಿಕೊಳ್ಳುವ ಪ್ರಯೋಗ ಆಗಲೇ ನಡೆದಿತ್ತು. ತಮ್ಮ ಪರವಾಗಿ ನಿಲ್ಲಬೇಕಾದ ದೊಡ್ಡವರೊಬ್ಬರನ್ನು ‘ಮಕ್ಕಳ ಮಿತ್ರ’ ಎಂದು ಮಕ್ಕಳೇ ಆರಿಸುತ್ತಿದ್ದ ಊರುಗಳಿವು.

ಆ ಸಭೆಯಲ್ಲಿ ಮಕ್ಕಳು ಹತ್ತು ಅಂಶಗಳ ಘೋಷಣೆಯೊಂದನ್ನು ಬರೆದರು. ಓದು ನಮ್ಮ ಬದುಕಿಗೆ ಹೊಂದುವಂತಿರಲಿ, ವೃತ್ತಿ ತರಬೇತಿ ಸಿಗಲಿ, ಆರೋಗ್ಯ ಸೇವೆ ಕೈಗೆಟುಕಲಿ, ನಮ್ಮನ್ನು ದುಡಿಮೆಗೆ ತಳ್ಳುವ ಬಡತನವನ್ನು ಮೊದಲು ನೋಡಿ, ಹಳ್ಳಿ ಬಿಟ್ಟು ಗುಳೆ ಹೋಗದಂತೆ ಹಳ್ಳಿಯಲ್ಲೇ ಏನಾದರೂ ಮಾಡಿ ಎಂದು ಕೇಳಿದರು. ಶೋಷಣೆ ಬೇಡ, ಆದರೆ ಓದಿಗೂ ಆಟಕ್ಕೂ ಬಿಡುವಿರುವ, ಮರ್ಯಾದೆಯ ಕೆಲಸವನ್ನು ಕಿತ್ತುಕೊಳ್ಳಬೇಡಿ ಎಂದರು. ಬಹಳ ಜನ ದೊಡ್ಡವರಿಗೆ ಮುಜುಗರ ತಂದದ್ದು ಇನ್ನೊಂದು ಅಂಶ: ಮಕ್ಕಳು ತಯಾರಿಸಿದ ವಸ್ತುಗಳನ್ನು ಬಹಿಷ್ಕರಿಸುವುದಕ್ಕೆ ನಮ್ಮ ವಿರೋಧವಿದೆ ಎಂದು ಅವರು ಬರೆದಿದ್ದರು.

ಈ ಮಾತಿನ ಹಿಂದೆ ಕಹಿಯಾದ ಅನುಭವವೊಂದಿತ್ತು. 1990ರ ದಶಕದ ಆರಂಭದಲ್ಲಿ, ಮಕ್ಕಳ ದುಡಿಮೆಯಿಂದ ತಯಾರಾದ ವಸ್ತುಗಳ ಆಮದನ್ನು ನಿಷೇಧಿಸುವ ಮಸೂದೆಯೊಂದು ಅಮೆರಿಕದ ಸಂಸತ್ತಿನ ಮುಂದೆ ಬಂದಿತು. ಅದು ಕಾನೂನಾಗುವ ಮೊದಲೇ ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳು ಹೆದರಿ ಮಕ್ಕಳನ್ನು ಹೊರಗೆ ಕಳಿಸಿದವು. ಹಾಗೆ ಕೆಲಸ ಕಳೆದುಕೊಂಡವರು ಸುಮಾರು 50,000 ಎಂಬ ಅಂದಾಜಿದೆ. ಆ ಮಕ್ಕಳು ಶಾಲೆಗೆ ಹೋಗಲಿಲ್ಲ. ಎಷ್ಟೋ ಮಂದಿ ಕಲ್ಲು ಒಡೆಯುವ ಕೆಲಸಕ್ಕೆ, ಬೀದಿ ವ್ಯಾಪಾರಕ್ಕೆ, ಕೆಲವರು ವೇಶ್ಯಾವಾಟಿಕೆಗೆ ಕೂಡ ಬಿದ್ದರೆಂಬುದು ನಂತರ ತಿಳಿದುಬಂತು. 1995ರಲ್ಲಿ ಉಡುಪು ತಯಾರಕರ ಸಂಘ, ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿಕೊಂಡು, ಶಾಲೆಯಲ್ಲಿ ಜಾಗ ಸಿಗುವವರೆಗೆ ಮಕ್ಕಳನ್ನು ಹೊರಹಾಕಬಾರದೆಂದು ತೀರ್ಮಾನಿಸಬೇಕಾಯಿತು. ಮಕ್ಕಳನ್ನು ಒಂದು ಮಾತು ಕೇಳಿದ್ದರೆ ಈ ಅನಾಹುತವನ್ನು ಅವರೇ ಮುಂಚಿತವಾಗಿ ಹೇಳುತ್ತಿದ್ದರು. ನೀತಿ ಮಾಡುವ ಕೋಣೆಯಲ್ಲಿ ಕಿರಿಯರು ಏಕಿರಬೇಕೆಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಪ್ರಸಂಗ.

ನಮ್ಮ ವಿಷಯದ ಸಭೆಗಳಲ್ಲಿ ಸಚಿವರಿದ್ದಷ್ಟೇ ಸಂಖ್ಯೆಯಲ್ಲಿ ನಾವೂ ಇರಬೇಕು ಎಂಬುದು ಕುಂದಾಪುರದಲ್ಲಿ ಎದ್ದ ಇನ್ನೊಂದು ಬೇಡಿಕೆ. 1997ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಬಾಲಕಾರ್ಮಿಕ ಸಮ್ಮೇಳನದಲ್ಲಿ ದುಡಿಯುವ ಮಕ್ಕಳ ಪ್ರತಿನಿಧಿಗಳು ಸಚಿವರ ಜೊತೆ ಕೂತು ಮಾತನಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಓಸ್ಲೋದಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ ಅವರ ಜಾಗ ಕಿರಿದಾಯಿತು. 1999ರ ಜೂನ್ 17ರಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಾಲಕಾರ್ಮಿಕತೆಯ ಅತಿ ಕೆಟ್ಟ ರೂಪಗಳ ವಿರುದ್ಧ 182ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಆ ಸಂಘಟನೆಯಲ್ಲಿ ಮತ ಹಾಕುವವರು ಸರ್ಕಾರಗಳು, ಮಾಲೀಕರು ಮತ್ತು ಕಾರ್ಮಿಕ ಸಂಘಗಳು; ಮಕ್ಕಳ ಸಂಘಕ್ಕೆ ಅಲ್ಲಿ ಕುರ್ಚಿಯೇ ಇಲ್ಲ. ಬಾಲಕಾರ್ಮಿಕತೆ ಸಂಪೂರ್ಣ ನಿಲ್ಲಬೇಕೆಂಬ ಕೂಗಿನೊಂದಿಗೆ ಕೈಲಾಶ್ ಸತ್ಯಾರ್ಥಿಯವರ ಮುಂದಾಳುತನದಲ್ಲಿ 1998ರಲ್ಲಿ ಮನಿಲಾದಿಂದ ಜಿನೀವಾಕ್ಕೆ ಸಾಗಿದ ಜಾಗತಿಕ ನಡಿಗೆಯ ಒತ್ತಡವೂ ಆ ಒಡಂಬಡಿಕೆಯ ಹಿಂದಿತ್ತು. ಕುಂದಾಪುರದ ಮಕ್ಕಳ ನಿಲುವು ಅದಕ್ಕಿಂತ ಬೇರೆ. ಹದಿನಾಲ್ಕರೊಳಗಿನ ಮಗು ಶಾಲೆಯಲ್ಲಿಯೇ ಇರಬೇಕೆಂಬುದು ನನ್ನ ಅಭಿಪ್ರಾಯವಾದ್ದರಿಂದ ಘೋಷಣೆಯ ಎಲ್ಲ ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಆದರೂ ಆ ನಿಲುವಿಗೆ ಅಲ್ಲಿ ಉತ್ತರ ಸಿಗಬೇಕಿತ್ತು. ಭಾರತ ಆ ಒಡಂಬಡಿಕೆಗೆ ಅನುಮೋದನೆ ಕೊಟ್ಟದ್ದು 2017ರ ಜೂನ್ 13ರಂದು.

ನಿಮ್ಮ ಮಗಳಿಗೆ ಆ ಹತ್ತು ಅಂಶಗಳನ್ನು ಓದಿಸಿ. ಯಾವುದನ್ನು ತಾನು ಒಪ್ಪುತ್ತೇನೆ, ಯಾವುದನ್ನು ಒಪ್ಪುವುದಿಲ್ಲ ಎಂದು ಅವಳು ಬರೆದು ಕಳಿಸಿದರೆ ಓದಲು ನನಗೆ ಸಂತೋಷ.

ಪ್ರಶ್ನೆ: ನಾನು ಮೂರನೇ ವರ್ಷದ ಕಾನೂನು ವಿದ್ಯಾರ್ಥಿ. ಯುವಜನರು ವಿಶ್ವಸಂಸ್ಥೆಗೆ ಹೋಗುತ್ತಾರೆ, ಭಾಷಣ ಮಾಡುತ್ತಾರೆ, ಫೋಟೊ ಹಾಕುತ್ತಾರೆ. ಅದರಿಂದ ಕಾನೂನು ಒಂದಿಂಚಾದರೂ ಸರಿದ ಉದಾಹರಣೆ ಇದೆಯೇ? (ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಇದೆ, ಮತ್ತು ಅದು ಆರಂಭವಾದದ್ದು ನಿಮ್ಮಂಥ ಕಾನೂನು ವಿದ್ಯಾರ್ಥಿಗಳ ತರಗತಿಯಲ್ಲಿಯೇ.

ಪೆಸಿಫಿಕ್ ಸಾಗರದ ವನವಾಟು ಸುಮಾರು ಮೂರು ಲಕ್ಷ ಜನರ ದ್ವೀಪ ದೇಶ. ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿಭಾಗವಿದೆ. 2019ರಲ್ಲಿ ಅಲ್ಲಿ ಓದುತ್ತಿದ್ದ, ಎಂಟು ದ್ವೀಪ ದೇಶಗಳಿಗೆ ಸೇರಿದ 27 ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಕೊಡಲಾಯಿತು: ಹವಾಮಾನ ಬದಲಾವಣೆಗೆ ಕಾರಣರಾದವರನ್ನು ಹೊಣೆಗಾರರನ್ನಾಗಿಸಲು ಅಂತರರಾಷ್ಟ್ರೀಯ ಕಾನೂನಿನಲ್ಲಿ ಯಾವ ಯಾವ ದಾರಿಗಳಿವೆ? ಹುಡುಕಿ ತೂಗಿ ನೋಡಿದ ಮೇಲೆ ಅವರು ಹಿಡಿದುಕೊಂಡದ್ದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಿಂದ ಸಲಹಾ ಅಭಿಪ್ರಾಯ ಪಡೆಯುವ ದಾರಿಯನ್ನು. ಒಬ್ಬ ವ್ಯಕ್ತಿಯಾಗಲಿ ಸಂಘವಾಗಲಿ ಆ ನ್ಯಾಯಾಲಯದ ಕದ ತಟ್ಟುವಂತಿಲ್ಲ. ಆದರೆ ವಿಶ್ವಸಂಸ್ಥೆಯ ಸನ್ನದಿನ 96ನೇ ವಿಧಿಯ ಪ್ರಕಾರ ಸಾಮಾನ್ಯ ಸಭೆ ಯಾವುದೇ ಕಾನೂನು ಪ್ರಶ್ನೆಯನ್ನು ಅಲ್ಲಿಗೆ ಕಳಿಸಬಹುದು. ಈ ಆಲೋಚನೆ ಹೊಸದೂ ಆಗಿರಲಿಲ್ಲ. 2011ರಲ್ಲಿ ಪಲಾವು ದೇಶ ಇದನ್ನೇ ಮಾಡಲು ಹೊರಟು ದಡ ಮುಟ್ಟಿಸಲಾಗದೆ ಕೈಬಿಟ್ಟಿತ್ತು.

ಪರೀಕ್ಷೆ ಮುಗಿದ ಮೇಲೆ ಈ ವಿದ್ಯಾರ್ಥಿಗಳು ಅಭ್ಯಾಸದ ಹಾಳೆಯನ್ನು ಮಡಿಸಿಡಲಿಲ್ಲ. ‘ಹವಾಮಾನ ಬದಲಾವಣೆಯ ವಿರುದ್ಧ ಹೋರಾಡುವ ಪೆಸಿಫಿಕ್ ದ್ವೀಪಗಳ ವಿದ್ಯಾರ್ಥಿಗಳು’ ಎಂಬ ಸಂಘಟನೆ ಕಟ್ಟಿದರು. ಸಾಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ಅದರ ಅಧ್ಯಕ್ಷೆಯಾದರು. ಪೆಸಿಫಿಕ್ ದೇಶಗಳ ನಾಯಕರಿಗೆ ಪತ್ರ ಬರೆದರು. ವನವಾಟು ಸರ್ಕಾರ ಮಾತ್ರ ಇದನ್ನು ತನ್ನ ಕೆಲಸವೆಂದು ಎತ್ತಿಕೊಂಡಿತು. ಕೋವಿಡ್ ಬಂದು ಎಲ್ಲವೂ ನಿಧಾನವಾಯಿತು. ಆ ಅವಧಿಯಲ್ಲಿ ಬೇರೆ ಖಂಡಗಳ ಯುವಜನರನ್ನು ಜೊತೆಗೆ ಸೇರಿಸಿಕೊಂಡು, ದೇಶದಿಂದ ದೇಶಕ್ಕೆ ಬೆಂಬಲ ಕೇಳುತ್ತ ಹೋದರು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಹೆಚ್ಚಿನ ಯುವ ಪ್ರತಿನಿಧಿಗಳಿಗೆ ಸಿಗುವುದು ಎರಡು ಮೂರು ನಿಮಿಷಗಳ ಮೈಕು. ಆ ಹೊತ್ತಿಗೆ ಅಂತಿಮ ಪಠ್ಯ ಸಿದ್ಧವಾಗಿರುತ್ತದೆ, ಭಾಷಣ ಎಷ್ಟೇ ಮನಮುಟ್ಟಿದರೂ ಅದರಲ್ಲಿ ಒಂದು ಅಲ್ಪವಿರಾಮವೂ ಬದಲಾಗುವುದಿಲ್ಲ. ಪೆಸಿಫಿಕ್ ವಿದ್ಯಾರ್ಥಿಗಳು ಪಠ್ಯ ಹುಟ್ಟುವ ಮೊದಲೇ ಅಲ್ಲಿದ್ದರು. ನ್ಯಾಯಾಲಯಕ್ಕೆ ಹೋದ ಪ್ರಶ್ನೆಗಳು ಎರಡು. ಹವಾಮಾನವನ್ನು ಕಾಪಾಡಲು ದೇಶಗಳ ಮೇಲಿರುವ ಕಾನೂನಿನ ಕರ್ತವ್ಯಗಳೇನು ಎಂಬುದು ಮೊದಲನೆಯದು. ಆ ಕರ್ತವ್ಯ ಮೀರಿ ಗಣನೀಯ ಹಾನಿ ಮಾಡಿದ ದೇಶಗಳಿಗೆ, ಸಣ್ಣ ದ್ವೀಪ ದೇಶಗಳ ವಿಷಯದಲ್ಲಿಯೂ ಇಂದಿನ ಮತ್ತು ಮುಂದಿನ ತಲೆಮಾರುಗಳ ಜನರ ವಿಷಯದಲ್ಲಿಯೂ ಆಗುವ ಕಾನೂನಿನ ಪರಿಣಾಮಗಳೇನು ಎಂಬುದು ಎರಡನೆಯದು. ಮೊದಲ ಪ್ರಶ್ನೆಯೊಂದನ್ನೇ ಕಳಿಸಿದ್ದರೆ ನ್ಯಾಯಾಲಯ ಇರುವ ಒಪ್ಪಂದಗಳ ಪಟ್ಟಿ ಕೊಟ್ಟು ಮುಗಿಸಬಹುದಿತ್ತು. ಹೊಣೆಯ ಮಾತು ಬಂದದ್ದು ಎರಡನೆಯ ಪ್ರಶ್ನೆಯಿಂದ.

2023ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಜೂಡಿ ಮತ್ತು ಕೆವಿನ್ ಎಂಬ ಎರಡು ಚಂಡಮಾರುತಗಳು ಒಂದರ ಬೆನ್ನಿಗೆ ಒಂದು ವನವಾಟುವಿಗೆ ಬಡಿದವು. ಅದೇ ತಿಂಗಳ 29ರಂದು ಸಾಮಾನ್ಯ ಸಭೆ 132 ದೇಶಗಳ ಸಹಪ್ರಾಯೋಜಕತ್ವದಲ್ಲಿ, ಮತ ಎಣಿಸುವ ಅಗತ್ಯವೇ ಬೀಳದೆ, ಸರ್ವಸಮ್ಮತಿಯಿಂದ ಈ ಪ್ರಶ್ನೆಗಳನ್ನು ನ್ಯಾಯಾಲಯಕ್ಕೆ ಕಳಿಸುವ ನಿರ್ಣಯವನ್ನು ಅಂಗೀಕರಿಸಿತು. 2024ರ ಡಿಸೆಂಬರ್ 2ರಿಂದ 13ರವರೆಗೆ ಹೇಗ್‌ನಲ್ಲಿ ನಡೆದ ವಿಚಾರಣೆಯಲ್ಲಿ 96 ದೇಶಗಳೂ 11 ಅಂತರರಾಷ್ಟ್ರೀಯ ಸಂಘಟನೆಗಳೂ ವಾದ ಮಂಡಿಸಿದವು. ಮೊದಲ ದಿನವೇ ನ್ಯಾಯಾಧೀಶರ ಮುಂದೆ ನಿಂತು ಮಾತನಾಡಿದವರಲ್ಲಿ ಸಿಂಥಿಯಾ ಕೂಡ ಒಬ್ಬರು. ತರಗತಿಯ ಬೆಂಚಿನಿಂದ ಆ ಪೀಠದವರೆಗಿನ ದಾರಿಗೆ ಹಿಡಿದದ್ದು ಐದು ವರ್ಷಕ್ಕಿಂತ ಹೆಚ್ಚು.

2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದಿಂದ ಅಭಿಪ್ರಾಯ ಕೊಟ್ಟಿತು. ಪ್ಯಾರಿಸ್ ಹವಾಮಾನ ಒಪ್ಪಂದದಡಿ ದೇಶಗಳು ತಮ್ಮ ಇಂಗಾಲ ಕಡಿತದ ಗುರಿಗಳನ್ನು ಮನಸ್ಸಿಗೆ ಬಂದಂತೆ ನಿಗದಿ ಮಾಡಿಕೊಳ್ಳುವಂತಿಲ್ಲ, ಅವು ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸುವ ಗುರಿಗೆ ನೆರವಾಗುವಂತಿರಬೇಕು. ಕಲ್ಲಿದ್ದಲು, ತೈಲ, ಅನಿಲಗಳ ಉತ್ಪಾದನೆಗೆ ಪರವಾನಗಿ ಮತ್ತು ಸಬ್ಸಿಡಿ ಕೊಡುವುದು ಕೂಡ ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಆಗಬಹುದು. ಹಾನಿಗೂ ಉಲ್ಲಂಘನೆಗೂ ಸಂಬಂಧ ಸಾಬೀತಾದರೆ ಪರಿಹಾರದ ಪ್ರಶ್ನೆಯೂ ಏಳುತ್ತದೆ ಎಂದಿತು. ಸಲಹಾ ಅಭಿಪ್ರಾಯ ತೀರ್ಪಿನಂತೆ ಯಾರನ್ನೂ ಕಟ್ಟಿಹಾಕುವುದಿಲ್ಲ ಎಂಬುದನ್ನು ಕಾನೂನು ವಿದ್ಯಾರ್ಥಿಯಾದ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಇನ್ನು ಮುಂದೆ ಯಾವ ದೇಶದ ನ್ಯಾಯಾಲಯದಲ್ಲಿ ಇಂಥ ಮೊಕದ್ದಮೆ ಬಂದರೂ ವಕೀಲರ ಕೈಯಲ್ಲಿ ಈ ದಾಖಲೆ ಇರುತ್ತದೆ.

2024ರ ಆ ವಿಚಾರಣೆಯಲ್ಲಿ ಭಾರತವೂ ಡಿಸೆಂಬರ್ 5ರಂದು ವಾದಿಸಿತು. ಹೊರೆ ಹಂಚುವಾಗ ಇದುವರೆಗೆ ಯಾರು ಎಷ್ಟು ಮಾಲಿನ್ಯ ಮಾಡಿದ್ದಾರೆಂಬ ಚರಿತ್ರೆಯ ಲೆಕ್ಕ ನೋಡಬೇಕು, ಈಗಿರುವ ಒಪ್ಪಂದಗಳನ್ನು ಮೀರಿ ಹೊಸ ಕರ್ತವ್ಯಗಳನ್ನು ನ್ಯಾಯಾಲಯ ಸೃಷ್ಟಿಸಬಾರದು ಎಂಬುದು ನಮ್ಮ ಸರ್ಕಾರದ ವಾದ. ಮೊದಲ ಮಾತಿನಲ್ಲಿ ನ್ಯಾಯವಿದೆ, ಸಾಮಾನ್ಯವಾದರೂ ಭಿನ್ನವಾದ ಹೊಣೆ ಎಂಬ ತತ್ತ್ವವನ್ನು ನ್ಯಾಯಾಲಯವೂ ಎತ್ತಿಹಿಡಿಯಿತು. ಎರಡನೆಯದನ್ನು ನೀವು ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಆ ಹೇಳಿಕೆಯನ್ನೇ ಓದಿ ತೀರ್ಮಾನಿಸಿ. ನ್ಯಾಯಾಲಯದ ಜಾಲತಾಣದಲ್ಲಿ ಅದು ಯಾರಿಗಾದರೂ ಸಿಗುತ್ತದೆ. ನಿಮ್ಮ ತರಗತಿಯಲ್ಲಿ ನಾಲ್ಕು ಜನ ಕೂತು ಅದಕ್ಕೊಂದು ಉತ್ತರ ಬರೆಯುವುದು ಜಿನೀವಾಕ್ಕೆ ವಿಮಾನ ಹತ್ತುವುದಕ್ಕಿಂತ ಒಳ್ಳೆಯ ಆರಂಭ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಪ್ರತಿವರ್ಷ ಮಕ್ಕಳನ್ನು ಮಕ್ಕಳ ಗ್ರಾಮಸಭೆಗೆ ಕರೆದುಕೊಂಡು ಹೋಗುತ್ತೇನೆ. ಮಕ್ಕಳು ಕೇಳುತ್ತಾರೆ, ದೊಡ್ಡವರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಈ ಮಕ್ಕಳ ಮಾತು ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗುವುದು ಸಾಧ್ಯವೇ? (ಶಿಕ್ಷಕಿ, ತುಮಕೂರು ಜಿಲ್ಲೆ)

ಉತ್ತರ: ಸಾಧ್ಯವಿದೆ. ಆದರೆ ಆ ದಾರಿ ಪಂಚಾಯತಿ ಕಚೇರಿಯ ಬಾಗಿಲಿನಿಂದಲೇ ಹೋಗುತ್ತದೆ, ಅದನ್ನು ಬಿಟ್ಟು ಸುತ್ತು ಹಾಕಲು ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಸಭೆಯಲ್ಲಿ ನಾನು ಕೂತಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ತನ್ನ ಕೇರಿಯ ನಕ್ಷೆ ಬರೆದು ತಂದಿದ್ದಳು. ಬೋರ್‌ವೆಲ್ಲಿನಿಂದ ತನ್ನ ಮನೆಗೆ ಎಷ್ಟು ಹೆಜ್ಜೆ, ಶಾಲೆಯ ಶೌಚಾಲಯದಿಂದ ನೀರಿನ ನಲ್ಲಿಗೆ ಎಷ್ಟು ಹೆಜ್ಜೆ ಎಂದು ನಡೆದು ಎಣಿಸಿ, ಕೆಂಪು ಪೆನ್ನಿನಲ್ಲಿ ಅಂಕಿ ಹಾಕಿದ್ದಳು. ತುಂಬಿದ ಕೊಡ ಹೊತ್ತಾಗ ಹೆಜ್ಜೆ ಸಣ್ಣದಾಗುತ್ತದೆಂದು ಹೋಗುವ ಲೆಕ್ಕ ಬೇರೆ, ಬರುವ ಲೆಕ್ಕ ಬೇರೆ ಬರೆದಿದ್ದಳು. ಸಭೆಯಲ್ಲಿ ಚಪ್ಪಾಳೆ ಬಿತ್ತು, ನಡವಳಿ ಪುಸ್ತಕದಲ್ಲಿ ‘ಪರಿಶೀಲಿಸಲಾಗುವುದು’ ಎಂದು ಬರೆದರು. ಮರುವರ್ಷ ಹೋದಾಗ ಆ ಹುಡುಗಿ ಸಭೆಗೆ ಬಂದಿರಲಿಲ್ಲ, ನಲ್ಲಿಯೂ ಬಂದಿರಲಿಲ್ಲ. ಅವಳ ಕೆಲಸಕ್ಕೆ ಸಿಕ್ಕ ಆ ಒಂದು ಪದ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮಕ್ಕಳ ಪಾಲ್ಗೊಳ್ಳುವಿಕೆಯನ್ನು ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದ್ದಾರೆ. ಮಕ್ಕಳನ್ನು ದೊಡ್ಡವರ ಕೆಲಸಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ನೆಪಮಾತ್ರಕ್ಕೆ ಕೂರಿಸುವುದು, ಈ ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆಯೆಂದು ಒಪ್ಪುವುದೇ ಇಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇನ್ನೂ ಸ್ಪಷ್ಟವಾಗಿದೆ: ಮಗುವಿಗೆ ತನ್ನ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕಿದೆ, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ತೂಕ ಕೊಡಬೇಕು. 1989ರಲ್ಲಿ ಅಂಗೀಕಾರವಾದ ಈ ಒಡಂಬಡಿಕೆಗೆ ಭಾರತ ಸೇರಿದ್ದು 1992ರ ಡಿಸೆಂಬರ್ 11ರಂದು. ಕೇಳಿಸಿಕೊಂಡರೆ ಸಾಕು ಎಂದು ಅಲ್ಲೆಲ್ಲೂ ಬರೆದಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ಮಕ್ಕಳ ಪ್ರತಿ ಬೇಡಿಕೆಯ ಎದುರು ಯಾರು ಹೊಣೆ, ಯಾವ ದಿನಾಂಕದೊಳಗೆ ಎಂದು ನಡವಳಿಯಲ್ಲಿಯೇ ಬರೆಸಿ. ಮರುವರ್ಷ ಅನುಪಾಲನಾ ವರದಿಯನ್ನು ಪಿಡಿಒ ಓದಿದ ನಂತರವೇ ಹೊಸ ಬೇಡಿಕೆಗಳು ಶುರುವಾಗಲಿ. ಆಗದಿದ್ದರೆ ಏಕಾಗಲಿಲ್ಲ ಎಂಬುದನ್ನು ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲಿ. ನಡವಳಿಯ ಪ್ರತಿ ಕೊಡಲು ಹಿಂಜರಿದರೆ ಮಾಹಿತಿ ಹಕ್ಕಿನಡಿ ಕೇಳಿ. ನಲ್ಲಿ, ರಸ್ತೆ, ಶೌಚಾಲಯಗಳ ಈ ಕಾಗದಗಳನ್ನು ಜೋಡಿಸಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕಳಿಸಿ.

ಇನ್ನು ಜಿನೀವಾದ ಮಾತು. ಒಡಂಬಡಿಕೆಗೆ ಸೇರಿದ ದೇಶಗಳು ನಿಯತವಾಗಿ ಕೊಡಬೇಕಾದ ವರದಿಯನ್ನು ವಿಶ್ವಸಂಸ್ಥೆಯ 18 ತಜ್ಞರ ಮಕ್ಕಳ ಹಕ್ಕುಗಳ ಸಮಿತಿ ಅಲ್ಲಿ ಪರಿಶೀಲಿಸುತ್ತದೆ. ಸರ್ಕಾರದ ವರದಿಯ ಜೊತೆಗೆ ಸ್ವಯಂಸೇವಾ ಸಂಸ್ಥೆಗಳ ಪರ್ಯಾಯ ವರದಿಯನ್ನೂ ಮಕ್ಕಳೇ ಬರೆದ ವರದಿಯನ್ನೂ ಅದು ಸ್ವೀಕರಿಸುತ್ತದೆ. 2023ರಲ್ಲಿ ಪರಿಸರದ ಕುರಿತು ಈ ಸಮಿತಿ ತನ್ನ 26ನೇ ಸಾಮಾನ್ಯ ವ್ಯಾಖ್ಯಾನವನ್ನು (ಒಡಂಬಡಿಕೆಯ ಅರ್ಥವನ್ನು ವಿವರಿಸುವ ದಾಖಲೆ) ಹೊರಡಿಸುವ ಮೊದಲು 121 ದೇಶಗಳ ಮಕ್ಕಳಿಂದ 16,331 ಅಭಿಪ್ರಾಯಗಳನ್ನು ತರಿಸಿಕೊಂಡಿತ್ತು. ಅಂದರೆ ಅಲ್ಲಿ ಬಾಗಿಲು ತೆರೆದಿದೆ. ಆದರೆ 2019ರಲ್ಲಿ ನಮ್ಮ ದೇಶದ ರಿಧಿಮಾ ಪಾಂಡೆಯೂ ಸೇರಿ 16 ಮಕ್ಕಳು ಹವಾಮಾನ ಬದಲಾವಣೆಯ ವಿಷಯದಲ್ಲಿ ಐದು ದೇಶಗಳ ವಿರುದ್ಧ ಇದೇ ಸಮಿತಿಗೆ ಕೊಟ್ಟ ದೂರು 2021ರಲ್ಲಿ ವಿಚಾರಣೆಗೆ ನಿಲ್ಲಲಿಲ್ಲ. ಗಡಿಯಾಚೆಗಿನ ಹಾನಿಗೂ ದೇಶಗಳು ಹೊಣೆಯಾಗಬಹುದೆಂದು ಒಪ್ಪಿದ ಸಮಿತಿ, ಆ ಐದು ದೇಶಗಳ ನ್ಯಾಯಾಲಯಗಳಲ್ಲಿ ಮೊದಲು ಪ್ರಯತ್ನಿಸಿಲ್ಲ ಎಂಬ ಕಾರಣ ಕೊಟ್ಟಿತು. ಭಾರತವಂತೂ ಇಂಥ ದೂರಿಗೆ ಅವಕಾಶ ಕೊಡುವ ಹೆಚ್ಚುವರಿ ಒಪ್ಪಂದಕ್ಕೆ ಸೇರಿಯೇ ಇಲ್ಲ. ಕೆಳಗಿನ ಕಾಗದ ಗಟ್ಟಿಯಾಗಿರಬೇಕೆಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗನಿಗೆ ‘ಯುವ ರಾಯಭಾರಿ’ಯಾಗಿ ಆಯ್ಕೆಯಾಗಿದ್ದೀಯೆಂದು ಒಂದು ಸಂಸ್ಥೆಯಿಂದ ಇಮೇಲ್ ಬಂದಿದೆ. ನ್ಯೂಯಾರ್ಕಿನ ಸಮ್ಮೇಳನಕ್ಕೆ ಎರಡು ಲಕ್ಷಕ್ಕೂ ಹೆಚ್ಚು ರೂಪಾಯಿ ಕಟ್ಟಬೇಕಂತೆ. ಸಾಲ ಮಾಡಿ ಕಳಿಸಲೇ? (ತಂದೆ, ಮಂಗಳೂರು)

ಉತ್ತರ: ಸಾಲ ಮಾಡಬೇಡಿ. ವಿಶ್ವಸಂಸ್ಥೆ ತನ್ನ ಸಭೆಗಳಲ್ಲಿ ಭಾಗವಹಿಸಲು ಯಾರಿಂದಲೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ‘ಮಾದರಿ ವಿಶ್ವಸಂಸ್ಥೆ’ ಹೆಸರಿನ ಕಾರ್ಯಕ್ರಮಗಳು ಚರ್ಚೆಯ ಅಭ್ಯಾಸಕ್ಕೆ ಒಳ್ಳೆಯವೇ, ಆದರೆ ಅಲ್ಲಿ ಅಂಗೀಕಾರವಾದ ನಿರ್ಣಯ ಯಾವ ಸರ್ಕಾರಕ್ಕೂ ತಲುಪುವುದಿಲ್ಲ, ಅವನ್ನು ನಡೆಸುವವರು ಬೇರೆ ಬೇರೆ ಸಂಸ್ಥೆಗಳು. ಆ ಇಮೇಲ್ ಕಳಿಸಿದವರಿಗೆ ಮಗನ ಕೈಯಲ್ಲೇ ಮೂರು ಪ್ರಶ್ನೆ ಬರೆಸಿ ಕಳಿಸಿ: ಈ ಸಮ್ಮೇಳನದ ಕೊನೆಯಲ್ಲಿ ಯಾವ ದಾಖಲೆ ಹೊರಬರುತ್ತದೆ? ಅದನ್ನು ಯಾರು ಸ್ವೀಕರಿಸುತ್ತಾರೆ? ಅವರು ಎಷ್ಟು ದಿನದೊಳಗೆ ಉತ್ತರ ಕೊಡಬೇಕು? ಉತ್ತರ ಬರದಿದ್ದರೆ ಅಥವಾ ಉತ್ತರದಲ್ಲಿ ಹೋಟೆಲಿನ ಫೋಟೊ, ಪ್ರಮಾಣಪತ್ರಗಳಷ್ಟೇ ಇದ್ದರೆ ಅದು ಪ್ರವಾಸವೆಂದು ತಿಳಿಯಿರಿ.

ಮಗನಿಗೆ ಬೇಸರವಾಗುತ್ತದೆ, ಬಲ್ಲೆ. ಅವನಿಗೆ ಸಮುದ್ರದ ವಿಷಯದಲ್ಲಿ ಆಸಕ್ತಿಯಿದೆಯೆಂದು ಪತ್ರದಲ್ಲಿ ಬರೆದಿದ್ದೀರಿ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಡಿ ಜಿಲ್ಲೆಯ ಯೋಜನಾ ನಕ್ಷೆಗಳನ್ನು ಸಿದ್ಧಪಡಿಸುವಾಗ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಅಂಥ ನಕ್ಷೆಯೊಂದನ್ನು ಅವನು ಬಿಡಿಸಿ ನೋಡಲಿ. ಭಾನುವಾರ ಕಡಲ ಕೊರೆತವಿರುವ ಒಂದು ಊರಿಗೆ ನೀವಿಬ್ಬರೂ ಹೋಗಿ ಬನ್ನಿ, ಅಲ್ಲಿನ ಮೀನುಗಾರರ ಮನೆಗಳು ಆ ನಕ್ಷೆಯಲ್ಲಿ ಎಲ್ಲಿವೆ ಎಂದು ಗುರುತು ಹಾಕಿ. ಕರಡು ಪರಿಷ್ಕರಣೆಗೆ ಬಂದಾಗ ಅವನು ತನ್ನ ಹೆಸರಿನಲ್ಲಿಯೇ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪತ್ರ ಕೇಳಿ ಪಡೆಯಲಿ.